ಎಲ್ಲರಿಗೂ ಒಂದೇ ಕಾಗದ ಕಳಿಸಿದೆ, ಆಗ ಬಾಯಿ ಬಿಟ್ಟರು

“ಇದು ಆಗೋ ಕೆಲಸ ಅಲ್ಲ ಬಿಡ್ರಿ” ಎಂದು ನನಗೆ ಹೇಳಿದವರು ಏಳೆಂಟು ಮಂದಿ. ಇಬ್ಬರು ವಕೀಲರು, ಮೂವರು ಪತ್ರಕರ್ತರು, ಉಳಿದವರು ನನ್ನ ಹಾಗೆಯೇ ಮಾಹಿತಿ ಹಕ್ಕಿನ ಅರ್ಜಿ ಹಿಡಿದು ಕಚೇರಿ ಸುತ್ತುವವರು. 2023ರ ಮೇ ಮೊದಲ ವಾರದಲ್ಲಿ ಕೆಲಸ ಆಯಿತು. ಒಬ್ಬ ಅಭ್ಯರ್ಥಿಯ ಮನೆತನಕ್ಕೆ ಸಿಕ್ಕಿದ್ದ ಸವಲತ್ತಿನ ಬಗ್ಗೆ ಐದು ವರ್ಷ ತುಟಿ ಪಿಟಕ್ಕೆನ್ನದಿದ್ದ ಮುಖಂಡರು ಹತ್ತು ಹನ್ನೊಂದು ದಿನದಲ್ಲಿ ಸಹಿ ಹಾಕಿ ಉತ್ತರ ಕೊಟ್ಟರು. ಹೇಗೆ ಮಾಡಿದ್ರಿ ಎಂದು ಈಗಲೂ ಫೋನ್ ಬರುತ್ತದೆ. ಪ್ರತಿ ಸಲ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ.

ನಾನಿರುವುದು ವಿಜಯಪುರದಲ್ಲಿ. ವಿಧಾನಸಭಾ ಕ್ಷೇತ್ರದ ಹೆಸರು ಹೇಳುವುದಿಲ್ಲ. ಬೆಳಗಾವಿಯ 18, ವಿಜಯಪುರದ 8, ಬಾಗಲಕೋಟೆಯ 7, ಒಟ್ಟು 33ರಲ್ಲಿ ಅದೂ ಒಂದು ಎಂದುಕೊಳ್ಳಿ. ಅಭ್ಯರ್ಥಿಯ ಹೆಸರೂ ಬೇಡ. ಆ ಮನುಷ್ಯನ ಮೇಲೆ ನನಗೆ ಹಗೆ ಇಲ್ಲ. ಸಿಟ್ಟು ಇದ್ದದ್ದು ಒಂದು ಕಟ್ಟಡದ ಮೇಲೆ.

ಅದು ಬಾಡಿಗೆ ಕಟ್ಟಡದಲ್ಲಿ ನಡೆಯುವ ಸರ್ಕಾರಿ ಹಾಸ್ಟೆಲ್. ನನ್ನ ಅಕ್ಕನ ಮಗ ಅಲ್ಲಿ ಎರಡು ವರ್ಷ ಇದ್ದ. ನೂರರ ಹತ್ತಿರ ಹುಡುಗರು, ಆರು ಸಂಡಾಸು, ಅದರಲ್ಲಿ ಎರಡಕ್ಕೆ ಬಾಗಿಲಿಲ್ಲ. ಬೇಸಿಗೆಯಲ್ಲಿ ಹುಡುಗರು ತಂಬಿಗೆ ಹಿಡಿದು ಹಳ್ಳದ ಕಡೆ ಹೋಗುತ್ತಿದ್ದರು. ತಿಂಗಳ ಬಾಡಿಗೆ ₹60,000 ಚಿಲ್ಲರೆ. ಅದೇ ರಸ್ತೆಯಲ್ಲಿ ಅಷ್ಟೇ ದೊಡ್ಡ ಕಟ್ಟಡಕ್ಕೆ ಒಂದು ಖಾಸಗಿ ಶಾಲೆ ₹35,000 ಕೊಡುತ್ತಿತ್ತು. ಹಾಸ್ಟೆಲ್ ಕಟ್ಟಡ ಯಾರ ಮನೆಯದು ಎಂದು ಚಹಾ ಅಂಗಡಿಯವನಿಗೂ ಗೊತ್ತು. ಆದರೆ ಊರಿಗೆ ಗೊತ್ತಿರುವುದನ್ನು ಯಾವ ಮುಖಂಡನೂ ವೇದಿಕೆ ಮೇಲೆ ಹೇಳುತ್ತಿರಲಿಲ್ಲ. ಎದುರು ಪಕ್ಷದವರೂ ಹೇಳುತ್ತಿರಲಿಲ್ಲ. ನನಗೆ ಅರ್ಥವಾಗದೇ ಇದ್ದದ್ದು ಅದೇ.

2018ರಲ್ಲಿ ಮೊದಲ ಸಲ ಕೈ ಹಾಕಿದೆ. ಎಲ್ಲವೂ ತಪ್ಪಿತು. ಚುನಾವಣೆ ಘೋಷಣೆಯಾಗಿದ್ದು ಮಾರ್ಚ್ 27ಕ್ಕೆ. ನಾನು ಅರ್ಜಿ ಹಾಕಿದ್ದು ಅದರ ಮೇಲೆ. ಅದೂ ಒಂದೇ ಅರ್ಜಿಯಲ್ಲಿ ಬಾಡಿಗೆ, ದುರಸ್ತಿ, ಊಟದ ಟೆಂಡರ್ ಎಲ್ಲ ಕೇಳಿದ್ದೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಅದೇ ನೆಪ ಹೇಳಿ ವಾಪಸ್ ಕಳಿಸಿದರು. ತಿದ್ದಿ ಹಾಕಿದ್ದಕ್ಕೆ ಉತ್ತರ ಬಂದಾಗ ಜೂನ್. ಮೇ 12ಕ್ಕೆ ಮತದಾನ ಮುಗಿದು ಹೋಗಿತ್ತು.

ಆ ನಡುವೆ ತಡೆಯಲಾರದೆ ಒಂದು ಕರಪತ್ರ ಮಾಡಿಸಿದೆ. ಸಾವಿರ ಪ್ರತಿ, ₹1,400 ಇರಬೇಕು. ಮುದ್ರಕರ ಹೆಸರು, ಪ್ರಕಾಶಕರ ಹೆಸರು ಹಾಕಿಸಲಿಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮು ನನಗೆ ಗೊತ್ತಿತ್ತು, ಆದರೂ ಅವಸರದಲ್ಲಿ ಮರೆತೆ. ಸಂತೆಯಲ್ಲಿ ಹಂಚುವಾಗ ತಪಾಸಣಾ ತಂಡ ಬಂದು ಎಂಟುನೂರು ಪ್ರತಿ ತೆಗೆದುಕೊಂಡು ಹೋಯಿತು. ಒಂದು ರಾತ್ರಿ ಠಾಣೆಯ ಬೆಂಚಿನ ಮೇಲೆ ಕೂತಿದ್ದೆ. ಮನೆಯಲ್ಲಿ ಹೆಂಡತಿ ನಾಲ್ಕು ದಿನ ಮಾತಾಡಲಿಲ್ಲ.

ಅದೇ ವರ್ಷ ಮೂರು ಪಕ್ಷದ ತಾಲ್ಲೂಕು ಮುಖಂಡರನ್ನು ಖುದ್ದು ಭೇಟಿಯಾದೆ. ಒಬ್ಬರು ಚಹಾ ಕುಡಿಸಿ “ಮನಿ ಸುದ್ದಿ ಬ್ಯಾಡ್ರಿ, ನಾಳೆ ಬೀಗರಾಗೋರು ನಾವು” ಎಂದರು. ಇನ್ನೊಬ್ಬರು “ಅಭಿವೃದ್ಧಿ ಬಗ್ಗೆ ಕೇಳ್ರಿ, ಹೇಳತೀನಿ” ಎಂದರು. ಮೂರನೆಯವರು ನನ್ನ ಕೈಯಲ್ಲಿದ್ದ ಕಾಗದ ನೋಡಿ ಒಳಗೆ ಹೋದರು, ಹೊರಗೆ ಬರಲೇ ಇಲ್ಲ. ಮುಕ್ಕಾಲು ಗಂಟೆ ಕಟ್ಟೆ ಮೇಲೆ ಕೂತೆ. ಇವರಿಗೆ ಆ ಅಭ್ಯರ್ಥಿಯ ಹೆದರಿಕೆ ಎಂದೇ ಆಗ ತಿಳಿದಿದ್ದೆ. ನಾನು ತಿಳಿದದ್ದು ತಪ್ಪು. ಆ ತಪ್ಪು ತಿಳಿಯಲು ನನಗೆ ನಾಲ್ಕು ವರ್ಷ ಹಿಡಿಯಿತು.

2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಬಾಯಿಮಾತಿನಲ್ಲಿ ಕೇಳಿ ನೋಡಿದೆ. ಹಳ್ಳಿ ಹಳ್ಳಿ ತಿರುಗಿ ಪೆಟ್ರೋಲಿಗೇ ₹3,000 ಹೋಯಿತು. ಕೇಳಿದವರು ಹೂಂ ಅಂದರು, ಮರುದಿನ ನಾನು ಹಾಗೆ ಹೇಳೇ ಇಲ್ಲ ಅಂದರು. ಅಲ್ಲಿಂದ ಬಾಯಿಮಾತು ಬಿಟ್ಟೆ.

ಇನ್ನು ಅಭ್ಯರ್ಥಿಗಳು ನಾಮಪತ್ರದ ಜೊತೆ ಕೊಡುವ ಆಸ್ತಿ, ಆದಾಯದ ಪ್ರಮಾಣಪತ್ರದ ಮಾತು. ನಮ್ಮಲ್ಲಿ ಬಹಳ ಜನ ಆ ಪ್ರಮಾಣಪತ್ರ, ಅಂದರೆ ನಮೂನೆ 26 ತೆಗೆದು ಅದರಲ್ಲೇ ತಲೆ ಕೆಡಿಸಿಕೊಳ್ಳುತ್ತಾರೆ. ನಾನೂ ಆ ಅಭ್ಯರ್ಥಿಯ 2013, 2018ರ ಪ್ರತಿಗಳನ್ನು ಅಕ್ಕಪಕ್ಕ ಇಟ್ಟು, ಆಮೇಲೆ 2023ರದ್ದನ್ನೂ ಸೇರಿಸಿ, ಸಾಲು ಸಾಲು ಓದಿದೆ. ಈಚಿನ ನಮೂನೆಯಲ್ಲಿ ಆದಾಯದ ಮೂಲ, ಸರ್ಕಾರದ ಜೊತೆಗಿನ ಗುತ್ತಿಗೆ ಬಗ್ಗೆಯೂ ಬರೆಯಬೇಕಾಯಿತು. ನಮ್ಮ ಅಭ್ಯರ್ಥಿ ಗುತ್ತಿಗೆಯ ಜಾಗದಲ್ಲಿ ‘ಇಲ್ಲ’ ಎಂದು ಬರೆದಿದ್ದರು. ಅದು ಸುಳ್ಳಲ್ಲ. ಅಲ್ಲಿ ಕೇಳುವುದು ಅಭ್ಯರ್ಥಿ, ಗಂಡ ಅಥವಾ ಹೆಂಡತಿ, ಅವಿಭಕ್ತ ಕುಟುಂಬ, ಅವಲಂಬಿತರು, ಇವರಿಗೆ ಪಾಲು ಇರುವ ಸಂಸ್ಥೆಗಳು ಇಷ್ಟೇ. ಅವಲಂಬಿತ ಎಂದರೆ ಸ್ವಂತ ಆದಾಯ ಇಲ್ಲದೆ ಅಭ್ಯರ್ಥಿಯನ್ನೇ ನಂಬಿ ಬದುಕುವವನು. ಮದುವೆಯಾದ ತಂಗಿ, ತಂಗಿಯ ಗಂಡ, ಬೇರೆ ದುಡಿಯುವ ಅಣ್ಣ, ಸೋದರಮಾವ, ಇವರು ಯಾರೂ ಅದರೊಳಗೆ ಬರುವುದಿಲ್ಲ. ನಮ್ಮ ಕಡೆ ಮನೆತನ ಎಂದರೆ ಇವರೆಲ್ಲ ಸೇರಿಯೇ, ಅಲ್ವಾ? ಜೊತೆಗೆ ಪ್ರಜಾಪ್ರತಿನಿಧಿ ಕಾಯ್ದೆಯ 9ಎ ಕಲಮಿನ ಪ್ರಕಾರ ಸರ್ಕಾರದ ಕಾಮಗಾರಿ ಗುತ್ತಿಗೆ ಸ್ವಂತ ಹೆಸರಲ್ಲಿ ಇದ್ದರೆ ಅಭ್ಯರ್ಥಿಯೇ ಅನರ್ಹ. ಹಾಗಾಗಿ ತಿಳಿದವರು ಯಾರೂ ಸ್ವಂತ ಹೆಸರಲ್ಲಿ ಏನನ್ನೂ ಇಟ್ಟುಕೊಳ್ಳುವುದಿಲ್ಲ. ಪ್ರಮಾಣಪತ್ರ ಪೂರ್ತಿ ನಿಜವಾಗಿದ್ದೂ ಸವಲತ್ತು ಪೂರ್ತಿ ಮುಚ್ಚಿರುತ್ತದೆ.

2022ರ ನವೆಂಬರಿನಲ್ಲಿ, ಚುನಾವಣೆಗೆ ಆರು ತಿಂಗಳು ಮೊದಲೇ, ಮತ್ತೆ ಅರ್ಜಿ ಹಾಕಿದೆ. ಈ ಸಲ ಆ ಹಾಸ್ಟೆಲ್ ಹೆಸರನ್ನೇ ಎತ್ತಲಿಲ್ಲ. ಪ್ರತಿ ಇಲಾಖೆಗೂ ಒಂದೊಂದು ಅರ್ಜಿ. ತಾಲ್ಲೂಕಿನಲ್ಲಿ ನೀವು ಬಾಡಿಗೆಗೆ ಪಡೆದ ಎಲ್ಲ ಕಟ್ಟಡಗಳ ಪಟ್ಟಿ, ಬಾಡಿಗೆ ಮೊತ್ತ, ಮಾಲೀಕರ ಹೆಸರು, ಲೋಕೋಪಯೋಗಿ ಇಲಾಖೆ ಬಾಡಿಗೆ ನಿಗದಿ ಮಾಡಿದ ಪತ್ರ. ಎಂಟು ಅರ್ಜಿ, ₹10ರಂತೆ ₹80. ಐದು ಕಚೇರಿ ಕೊಟ್ಟವು. ಮೂರು ಕಚೇರಿ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮು ತೋರಿಸಿ ‘ವೈಯಕ್ತಿಕ ಮಾಹಿತಿ’ ಎಂದವು. ಖಜಾನೆಯಿಂದ ಹೋಗುವ ದುಡ್ಡು ಹೇಗೆ ವೈಯಕ್ತಿಕ ಎಂದು ಮೊದಲ ಮೇಲ್ಮನವಿ ಹಾಕಿದೆ. ಎರಡು ಗೆದ್ದೆ, ಒಂದು ಇನ್ನೂ ಮಾಹಿತಿ ಆಯೋಗದಲ್ಲಿ ಕೂತಿದೆ. ಈಗ ಹಾಕುವವರು ಒಂದು ನೆನಪಿಡಿ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಆ ಕಲಮನ್ನು ಇನ್ನೂ ಬಿಗಿ ಮಾಡಿದೆ. 8(2)ರ ಸಾರ್ವಜನಿಕ ಹಿತ ಹಿಡಿದು ವಾದಿಸಿ.

ಪುಟಕ್ಕೆ ₹2ರಂತೆ ಮುನ್ನೂರು ಚಿಲ್ಲರೆ ಪುಟ ಬಂತು. ನಮ್ಮ ಹಾಸ್ಟೆಲಿನ ಕರಾರಿನಲ್ಲಿ ಮಾಲೀಕ ಎಂದು ಇದ್ದ ಹೆಸರು ಯಾರೂ ಕೇಳದ ಹೆಸರು. ಉಪನೋಂದಣಿ ಕಚೇರಿಯಲ್ಲಿ ಇಪ್ಪತ್ತು ವರ್ಷದ ಋಣಭಾರ ಪತ್ರ ತೆಗೆಸಿದೆ. ₹500ರ ಒಳಗೆ ಆಯಿತು. ನಿವೇಶನ ಮೊದಲು ಅಭ್ಯರ್ಥಿಯ ತಾಯಿಯ ಹೆಸರಿನಲ್ಲಿತ್ತು. ಆಮೇಲೆ ದಾನಪತ್ರದಲ್ಲಿ ಮಗಳಿಗೆ ಹೋಯಿತು. ಬಾಡಿಗೆ ಕರಾರಿಗೆ ಸಹಿ ಹಾಕಿದವನು ಮನೆಯ ಅಳಿಯ. ಆ ಹೆಸರಿನವನೇ ಅಳಿಯ ಎಂದು ಖಚಿತ ಮಾಡಿಕೊಂಡದ್ದು ಹೇಗೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹತ್ತಿರವೇ ಇರಲಿ. ಕಾನೂನಿನ ಒಳಗಿನ ದಾರಿಯೇ, ಒಂದು ರೂಪಾಯಿ ಖರ್ಚಿಲ್ಲ.

ಆದರೆ ದೊಡ್ಡ ವಿಷಯ ಅದಲ್ಲ. ಪಟ್ಟಿಯಲ್ಲಿ ಒಟ್ಟು 23 ಕಟ್ಟಡ ಇದ್ದವು. ಒಂದು ಭಾನುವಾರ ಊಟ ಬಿಟ್ಟು ಕೂತು ಎಲ್ಲ ಮಾಲೀಕರ ಹೆಸರಿನ ಎದುರು ಮನೆತನ ಬರೆದೆ. ಒಂಬತ್ತು ಕಟ್ಟಡ ರಾಜಕೀಯ ಮನೆತನಗಳಿಗೆ ಸೇರಿದ್ದವು. ಮೂರೂ ಪಕ್ಷ ಅದರಲ್ಲಿದ್ದವು. ನನ್ನನ್ನು ಕಟ್ಟೆ ಮೇಲೆ ಕೂರಿಸಿ ಒಳಗೆ ಹೋದವರ ಅಣ್ಣನ ಕಟ್ಟಡವೂ ಇತ್ತು. ಆ ಹೊತ್ತು ನನಗೆ ಕಣ್ಣು ತೆರೆಯಿತು. ಇವರು ಹೆದರಿ ಸುಮ್ಮನಿದ್ದವರಲ್ಲ. ಒಬ್ಬನ ಕಟ್ಟಡದ ಮಾತು ಎತ್ತಿದರೆ ತನ್ನ ಕಟ್ಟಡದ ಮಾತೂ ಬರುತ್ತದೆ, ಅದಕ್ಕೆ ಸುಮ್ಮನಿದ್ದರು. ನಾನು ಐದು ವರ್ಷ ‘ಅವರ ಬಗ್ಗೆ ಏನಂತೀರಿ’ ಎಂದು ಕೇಳುತ್ತಾ ಬಂದಿದ್ದೆ. ಆ ಪ್ರಶ್ನೆಗೆ ಯಾರೂ ಉತ್ತರ ಕೊಡುವುದಿಲ್ಲ.

ಪ್ರಶ್ನೆ ಬದಲಿಸಿದೆ. ‘ನಿಮ್ಮ ತಂದೆ ತಾಯಿ, ಒಡಹುಟ್ಟಿದವರು, ಅಳಿಯ, ಬೀಗರು, ಇವರಲ್ಲಿ ಯಾರದಾದರೂ ಕಟ್ಟಡ ಈ ತಾಲ್ಲೂಕಿನಲ್ಲಿ ಸರ್ಕಾರಕ್ಕೆ ಬಾಡಿಗೆಗೆ ಇದೆಯೇ? ಇದ್ದರೆ ಬಾಡಿಗೆ ಎಷ್ಟು?’ ಎಲ್ಲ ಅಭ್ಯರ್ಥಿಗಳಿಗೂ, ಮೂರು ಪಕ್ಷದ ತಾಲ್ಲೂಕು ಅಧ್ಯಕ್ಷರಿಗೂ ಒಂದೇ ಕಾಗದ. ಯಾರ ಹೆಸರೂ ಇಲ್ಲ, ಆರೋಪವೂ ಇಲ್ಲ. ಬರೀ ಎರಡು ಪ್ರಶ್ನೆ, ಏಳು ದಿನದ ಗಡುವು. ಕೊನೆಗೆ ಇನ್ನೊಂದು ಸಾಲು ಇತ್ತು. ಆ ಸಾಲೇ ಅರ್ಧ ಕೆಲಸ ಮಾಡಿತು. ಅದನ್ನು ನೀವೇ ಹುಡುಕಿಕೊಳ್ಳಿ.

ನಾಮಪತ್ರ ವಾಪಸ್ ಪಡೆಯಲು ಕೊನೆ ದಿನ ಏಪ್ರಿಲ್ 24. ಅದು ಮುಗಿದ ಮೇಲೆ ಹದಿನಾಲ್ಕು ಕಾಗದ ಸ್ವೀಕೃತಿ ಚೀಟಿ ಸಮೇತ ರಿಜಿಸ್ಟರ್ ಅಂಚೆಯಲ್ಲಿ ಹೋದವು. ಒಂದಕ್ಕೆ ₹30ರ ಆಸುಪಾಸು. ಈಗ ರಿಜಿಸ್ಟರ್ ಅಂಚೆಯನ್ನು ಸ್ಪೀಡ್ ಪೋಸ್ಟಿಗೆ ಸೇರಿಸಿದ್ದಾರೆ, ಖರ್ಚು ಸ್ವಲ್ಪ ಜಾಸ್ತಿ. ಪರವಾಗಿಲ್ಲ, ಸ್ವೀಕೃತಿ ಮುಖ್ಯ. ಕಾಗದ ಮುಟ್ಟಿಲ್ಲ ಎಂದು ಯಾರೂ ಹೇಳಬಾರದು.

ಮೊದಲ ಉತ್ತರ ಬಂದದ್ದು ಒಬ್ಬ ಪಕ್ಷೇತರರಿಂದ, ನಾಲ್ಕನೇ ದಿನಕ್ಕೆ. ‘ನಮ್ಮ ಮನೆಯವರ ಯಾವ ಕಟ್ಟಡವೂ ಇಲ್ಲ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಸಹಿ ಹಾಕಿದ್ದರು. ನಾನು ಅದನ್ನು ವಾಟ್ಸಾಪಿನಲ್ಲಿ ಹಾಕುವ ಮೊದಲೇ ಅವರೇ ಹಾಕಿದ್ದರು! ಯಾಕೆಂದರೆ ಅದು ಅವರಿಗೆ ಪ್ರಚಾರ. ಮರುದಿನವೇ ಒಂದು ಪಕ್ಷದ ಅಭ್ಯರ್ಥಿಯಿಂದ ಅದೇ ಉತ್ತರ ಬಂತು. ಅವರ ಮನೆತನದ ಹೆಸರು ಪಟ್ಟಿಯಲ್ಲಿ ನಿಜವಾಗಿಯೂ ಇರಲಿಲ್ಲ. ಕೈ ಸ್ವಚ್ಛ ಇದ್ದವನಿಗೆ ಈಗ ಮಾತಾಡಿದರೆ ಲಾಭ. ಅವರು ಅದೇ ಸಂಜೆ ವೇದಿಕೆ ಮೇಲೆ “ನಾನು ಬರೆದು ಕೊಟ್ಟೇನಿ, ಉಳಿದವರು ಕೊಡ್ರಿ” ಎಂದರು. ಐದು ವರ್ಷ ನಾನು ಮನೆ ಮನೆಗೆ ಹೋಗಿ ಬೇಡಿದ್ದ ಮಾತು ಅದು. ಗುಂಪಿನಲ್ಲಿ ನಿಂತು ಕೇಳಿದೆ. ಕಣ್ಣಲ್ಲಿ ನೀರು ಬಂತು.

ಒಂದು ಕಡೆಯಿಂದ ವಕೀಲರ ನೋಟಿಸ್ ಬಂತು, ಮಾನನಷ್ಟ ಎಂದು. ಉತ್ತರ ಬರೆಸಲು ₹1,500 ಕೊಟ್ಟೆ. ಪ್ರಶ್ನೆ ಕೇಳಿದ್ದು ಬಿಟ್ಟು ಕಾಗದದಲ್ಲಿ ಏನೂ ಇಲ್ಲ, ಎಲ್ಲರಿಗೂ ಅದೇ ಕಾಗದ ಹೋಗಿದೆ ಎಂದು ಹದಿನಾಲ್ಕು ರಸೀದಿಯ ನಕಲು ಇಟ್ಟೆವು. ಆಮೇಲೆ ಸದ್ದಿಲ್ಲ.

ಒಂಬತ್ತನೇ ದಿನ ನಮ್ಮ ಅಭ್ಯರ್ಥಿಯೇ ಉತ್ತರ ಕೊಟ್ಟರು. ಕಟ್ಟಡ ತಂಗಿಯದು, ಕರಾರು ತಾನು ರಾಜಕೀಯದಲ್ಲಿ ಮುಂದೆ ಬರುವ ಮೊದಲಿನದು, ಬಾಡಿಗೆ ಮರುಪರಿಶೀಲನೆಗೆ ತನ್ನ ತಕರಾರಿಲ್ಲ ಎಂದು ಬರೆದಿದ್ದರು. ಹದಿನಾಲ್ಕರಲ್ಲಿ ಒಟ್ಟು ಒಂಬತ್ತು ಉತ್ತರ ಬಂದವು. ಬಾರದ ಐದರ ಸ್ವೀಕೃತಿ ಚೀಟಿಗಳ ಫೋಟೊ ತೆಗೆದು, ತಾರೀಖು ಸಮೇತ ಹಾಕಿದೆ. ಮೇಲೆ ಒಂದು ಮಾತೂ ಬರೆಯಲಿಲ್ಲ.

ಚುನಾವಣೆ ಮುಗಿದು ಏಳೆಂಟು ತಿಂಗಳಿಗೆ ಹೊಸ ಬಾಡಿಗೆ ನಿಗದಿಯಾಯಿತು, ₹40,000ದ ಸುತ್ತ. ಸಂಡಾಸಿಗೆ ಬಾಗಿಲು ಬಂದದ್ದು ಅದಕ್ಕೂ ಮೊದಲೇ, ಜೂನಿನಲ್ಲಿ. ಎಲ್ಲ ಸೇರಿ ನನ್ನ ಕೈಯಿಂದ ಹೋದದ್ದು ₹18,000, ₹19,000. ಅದರಲ್ಲಿ ಮುಕ್ಕಾಲು ಪಾಲು ತಪ್ಪು ದಾರಿಗೆ ಸುರಿದದ್ದು. ಸರಿ ದಾರಿಗೆ ಹತ್ತಿದ್ದು ₹4,000 ಇರಬೇಕು.

ಬೇರೆ ಕಡೆಯೂ ಇದನ್ನು ಹಚ್ಚಿ ನೋಡಿದ್ದೇನೆ. ಒಬ್ಬ ಮುಖಂಡರ ಮನೆಯವರಿಗೆ ಹಳ್ಳಿಯ ಸಹಕಾರ ಸಂಘದಲ್ಲಿ ಸಿಕ್ಕ ಸಾಲದ ಬಗ್ಗೆ ಕೇಳಿದೆ. ಸಂಘದವರು ‘ನಾವು ಮಾಹಿತಿ ಹಕ್ಕಿಗೆ ಬರುವುದಿಲ್ಲ’ ಎಂದರು. ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹಾಗೆ ಹೇಳಿದೆ, ನಿಜ. ಆದರೆ ಅದೇ ತೀರ್ಪಿನ ಪ್ರಕಾರ ಸಹಕಾರ ಸಂಘಗಳ ನಿಬಂಧಕರು (ರಿಜಿಸ್ಟ್ರಾರ್) ಕಾನೂನಿನಂತೆ ಸಂಘದಿಂದ ಪಡೆಯಬಹುದಾದ ಮಾಹಿತಿಯನ್ನು ನಿಬಂಧಕರಿಂದ ಕೇಳಬಹುದು. ಆ ಬಾಗಿಲಿನಿಂದ ಹೋಗಿ ಲೆಕ್ಕಪರಿಶೋಧನಾ ವರದಿ ತೆಗೆದೆ. ಸಾಲದ ಹೆಸರುಗಳು ಸಿಗಲಿಲ್ಲ.

2024ರಲ್ಲಿ ಬೆಳಗಾವಿ ಕಡೆಯ ಗೆಳೆಯರ ಜೊತೆ ಕಬ್ಬಿನ ಬಾಕಿ ಹಿಡಿದು ನೋಡಿದೆವು. ಕಬ್ಬು ಕಳಿಸಿದ 14 ದಿನದೊಳಗೆ ದುಡ್ಡು ಕೊಡಬೇಕು ಎಂಬುದು 1966ರ ಆದೇಶದಲ್ಲೇ ಇದೆ. ಮುಖಂಡರ ಮನೆಯವರ ಕಾರ್ಖಾನೆ ಬಾಕಿ ಉಳಿಸಿದೆಯೇ ಎಂದು ಕೇಳಿದೆವು. ಬಂದ ಉತ್ತರ: ‘ಕಾರ್ಖಾನೆ ನಮ್ಮದಲ್ಲ, ಕಂಪನಿಯದು.’ ₹100 ಕಟ್ಟಿ ಕಂಪನಿ ದಾಖಲೆ ತೆಗೆದು ನಿರ್ದೇಶಕರ ಹೆಸರು ತೋರಿಸಿದೆವು. ಮತ್ತೆ ಉತ್ತರವೇ ಇಲ್ಲ. ಸೋತೆವು. ಪ್ರಶ್ನೆಯಲ್ಲಿ ‘ನಿರ್ದೇಶಕರು’ ಎಂದು ಮೊದಲೇ ಇರಬೇಕಿತ್ತು.

ಆ ವರ್ಷದ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿ, ಚಿಕ್ಕೋಡಿ, ಬಾಗಲಕೋಟೆ ಮೂರೂ ಕಡೆ ಸಚಿವರ ಮಕ್ಕಳು ನಿಂತಿದ್ದರು. ಚಿಕ್ಕೋಡಿಯಲ್ಲಿ ಎದುರು ನಿಂತವರ ಹೆಂಡತಿ ನಿಪ್ಪಾಣಿಯ ಶಾಸಕಿ. ಕುಟುಂಬ ರಾಜಕಾರಣ ಎಂಬ ಮಾತು ಟಿಕೆಟ್ಟಿಗೇ ನಿಂತುಬಿಡುತ್ತದೆ. ಟಿಕೆಟ್ ಎಲ್ಲರ ಕಣ್ಣಿಗೆ ಕಾಣುತ್ತದೆ, ಮತದಾರನೇ ತೀರ್ಮಾನ ಮಾಡುತ್ತಾನೆ. ಬಾಡಿಗೆ, ಗುತ್ತಿಗೆ, ನಿವೇಶನ ಕಾಣುವುದಿಲ್ಲ. ನಾವು ಕೆಲಸ ಮಾಡಬೇಕಾದ್ದು ಅಲ್ಲಿ.

ಈಗ ಪಕ್ಕದ ತಾಲ್ಲೂಕಿನ ಪಟ್ಟಿ ಬಂದಿದೆ. 31 ಕಟ್ಟಡ. ಇಪ್ಪತ್ತೆಂಟರ ಮನೆತನ ಗುರುತು ಸಿಕ್ಕಿದೆ. ಮೂರು ಉಳಿದಿವೆ. ನಾಳೆ ಬೆಳಿಗ್ಗೆ ಏಳರ ಬಸ್ಸಿಗೆ ಉಪನೋಂದಣಿ ಕಚೇರಿಗೆ ಹೊರಟಿದ್ದೇನೆ.