ಟರ್ಮಿನಲ್ ಒಳಗೆ ವಿಂಡೋ ಕಟ್ಟುವುದು ಹೇಗೆ: ಅಡಿಕೆ ಮಂಡಿಯ ತೂಕದ ಪರದೆ

ಮೌಸ್ ಇಲ್ಲದೆ, ಬರೀ ಅಕ್ಷರಗಳಲ್ಲಿ ಕೆಲಸ ಮಾಡುವ ಪರದೆಯನ್ನು ಈಗಲೂ ಯಾಕೆ ಬರೆಯಬೇಕು ಅಂತ ಹಲವರು ಕೇಳುತ್ತಾರೆ. ಸಾಗರದ ಒಂದು ಅಡಿಕೆ ಮಂಡಿಯ ಗುಮಾಸ್ತರು ನನಗೆ ಕೊಟ್ಟ ಉತ್ತರವನ್ನೇ ಅವರಿಗೂ ಹೇಳುತ್ತೇನೆ: "ಮೌಸ್ ಹಿಡಿಯೋಕೆ ಕೈ ತೆಗೀಬೇಕಲ್ಲ ಮಾರಾಯ್ರೆ!" ಅವರ ಎಡಗೈಯಲ್ಲಿ ತೂಕದ ಚೀಟಿ. ಬಲಗೈ ನಂಬರ್ ಪ್ಯಾಡ್ ಮೇಲೆ. ಕಣ್ಣು ತಕ್ಕಡಿಯ ಕಡೆ. ಕಂಪ್ಯೂಟರ್ ಹಳೆಯದು, ಬ್ರೌಸರ್ ತೆರೆದರೆ ಏದುಸಿರು ಬಿಡುತ್ತದೆ. ಇಂಥ ಕಡೆ ಟರ್ಮಿನಲ್ ಪರದೆಯಷ್ಟು ಚುರುಕಾದದ್ದು ಇನ್ನೊಂದಿಲ್ಲ. ಅವರಿಗಾಗಿ ನಾನು ಪೈಥಾನ್‌ನಲ್ಲಿ, ಟರ್ಮಿನಲ್‌ನಲ್ಲಿ ಬೇಕಾದ ಜಾಗಕ್ಕೆ ಅಕ್ಷರ ಬರೆಯಲು ನೆರವಾಗುವ ಕರ್ಸಸ್ ಲೈಬ್ರರಿ ಬಳಸಿ ಕಟ್ಟಿದ ಪರದೆಯನ್ನೇ ಇಟ್ಟುಕೊಂಡು ವಿಧಾನ ಹೇಳುತ್ತೇನೆ. ಪೈಥಾನ್ ಅಲ್ಪಸ್ವಲ್ಪ ಬಂದರೆ ಸಾಕು.

ಲಿನಕ್ಸ್‌ನಲ್ಲಿ ಕರ್ಸಸ್ ಸಾಮಾನ್ಯವಾಗಿ ಪೈಥಾನ್ ಜೊತೆಗೇ ಬರುತ್ತದೆ. ವಿಂಡೋಸ್‌ನಲ್ಲಿ ಬರುವುದಿಲ್ಲ, ಅಲ್ಲಿ 'ವಿಂಡೋಸ್-ಕರ್ಸಸ್' ಅನ್ನುವ ಪ್ಯಾಕೇಜನ್ನು ಪಿಪ್‌ನಿಂದ ಹಾಕಿಕೊಳ್ಳಬೇಕು. ಒಂದು ಪ್ರಶ್ನೆ ಕೇಳಿ ಹೌದು ಅಥವಾ ಇಲ್ಲ ಅನ್ನಿಸಿಕೊಳ್ಳುವುದಷ್ಟೇ ನಿಮ್ಮ ಕೆಲಸವಾದರೆ ಇದೆಲ್ಲ ಬೇಡ. 'ವಿಪ್‌ಟೇಲ್' ಅಥವಾ 'ಡೈಲಾಗ್' ಅನ್ನುವ ಕಮಾಂಡ್ ಶೆಲ್ ಸ್ಕ್ರಿಪ್ಟ್‌ನಿಂದಲೇ ಆ ಕೆಲಸ ಮುಗಿಸುತ್ತದೆ. ಬಟನ್, ಟ್ಯಾಬ್, ಅಂದಚಂದ ಎಲ್ಲ ಸಿದ್ಧವಾಗಿ ಬೇಕಿದ್ದರೆ ಪೈಥಾನ್‌ನ 'ಟೆಕ್ಸ್ಚುವಲ್' ಚೆನ್ನಾಗಿದೆ. ಆದರೆ ಪರದೆಯ ಮೇಲೆ ಏನು ಆಗುತ್ತಿದೆ ಅನ್ನುವುದು ತಿಳಿಯಬೇಕಾದರೆ ಒಮ್ಮೆಯಾದರೂ ಕರ್ಸಸ್‌ನಲ್ಲಿ ಕೈಯಾಡಿಸಬೇಕು ಅಂತ ನನ್ನ ನಂಬಿಕೆ.

ಮೊದಲು ಚೌಕುಳಿ ಕಾಗದ ತೆಗೆದುಕೊಳ್ಳಿ. ಅಡ್ಡ 80 ಮನೆ, ಉದ್ದ 24 ಸಾಲು. 1978ರಲ್ಲಿ ಡೆಕ್ ಕಂಪನಿ ತಂದ ವಿಟಿ-100 ಟರ್ಮಿನಲ್‌ನ ಅಳತೆ ಇದು. ಇವತ್ತಿನ ಎಷ್ಟೋ ಟರ್ಮಿನಲ್ ವಿಂಡೋಗಳು ತೆರೆದುಕೊಳ್ಳುವುದೂ ಇದೇ ಅಳತೆಯಲ್ಲಿ. ಇಷ್ಟರಲ್ಲಿ ಹಿಡಿಯುವಂತೆ ಬರೆದರೆ ಬಹುತೇಕ ಎಲ್ಲ ಕಡೆ ಹಿಡಿಯುತ್ತದೆ.

ನನ್ನ ಪರದೆಯಲ್ಲಿ ಮೇಲಿನ ಒಂದು ಸಾಲು ತಲೆಬರಹ. ಅದರ ಕೆಳಗೆ 7 ಸಾಲಿನ ಫಾರಂ. ಅದರ ಕೆಳಗೆ 14 ಸಾಲಿನ ಪಟ್ಟಿ, ಅಂದರೆ ಇವತ್ತು ತೂಗಿದ ಲಾಟುಗಳು. ಕೊನೆಯ ಎರಡು ಸಾಲಿನಲ್ಲಿ ಸೂಚನೆ. ಫಾರಂ ಮತ್ತು ಪಟ್ಟಿಯನ್ನು ಅಕ್ಕಪಕ್ಕ ಇಡದೆ ಒಂದರ ಕೆಳಗೊಂದು ಇಟ್ಟಿದ್ದೇನೆ. ಅದಕ್ಕೆ ಕಾರಣ ಕನ್ನಡ. ಅದನ್ನು ಮುಂದೆ ಹೇಳುತ್ತೇನೆ.

ಪ್ರೋಗ್ರಾಮನ್ನು 'ಕರ್ಸಸ್.ರ‍್ಯಾಪರ್' ಒಳಗೇ ಶುರು ಮಾಡಿ. ಅದು ಎಂಟರ್ ಒತ್ತುವ ತನಕ ಕಾಯದೆ ಕೀಲಿಗಳನ್ನು ಒಂದೊಂದಾಗಿ ಕೊಡುತ್ತದೆ, ಒತ್ತಿದ್ದು ಪರದೆಯಲ್ಲಿ ತಾನಾಗಿ ಮೂಡದಂತೆ ತಡೆಯುತ್ತದೆ, ಬಣ್ಣ ತಯಾರು ಮಾಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನಡುವೆ ದೋಷ ಬಂದು ಪ್ರೋಗ್ರಾಂ ನಿಂತರೂ ಟರ್ಮಿನಲ್ಲನ್ನು ಮೊದಲಿನಂತೆ ಮಾಡಿಯೇ ಹೋಗುತ್ತದೆ. ಹೊರಗಿನಿಂದ ಬಲವಂತವಾಗಿ ಕೊಂದಾಗ ಮಾತ್ರ ಟರ್ಮಿನಲ್ ಕೆಟ್ಟು ನಿಲ್ಲಬಹುದು. ಆಗ ಟೈಪ್ ಮಾಡಿದ್ದು ಕಾಣದಿದ್ದರೂ 'ರಿಸೆಟ್' ಅಂತ ಬರೆದು ಎಂಟರ್ ಒತ್ತಿ, ಸರಿಯಾಗುತ್ತದೆ.

ಇನ್ನು ವಿಂಡೋ. 'ನ್ಯೂವಿನ್' ನಾಲ್ಕು ಸಂಖ್ಯೆ ಕೇಳುತ್ತದೆ: ಎಷ್ಟು ಸಾಲು, ಎಷ್ಟು ಕಾಲಂ, ಯಾವ ಸಾಲಿನಿಂದ, ಯಾವ ಕಾಲಂನಿಂದ. ನನ್ನ ಫಾರಂ 7, 80, 1, 0. ಪಟ್ಟಿ 14, 80, 8, 0. ಗಮನಿಸಿ, ಯಾವಾಗಲೂ ಸಾಲು ಮೊದಲು, ಕಾಲಂ ಆಮೇಲೆ. ಗಣಿತದಲ್ಲಿ ಅಡ್ಡ ಅಳತೆ ಮೊದಲು ಬರೆದು ರೂಢಿಯಾದವರಿಗೆ ಇದು ಉಲ್ಟಾ.

ಈ ವಿಂಡೋಗಳು ನಿಜಕ್ಕೂ ಪರದೆಯ ಮೇಲೆ ಇರುವುದಿಲ್ಲ. ಇದೊಂದು ಮಾತು ತಲೆಗೆ ಹೋದರೆ ಅರ್ಧ ಕೆಲಸ ಆದಂತೆ. ವಿಂಡೋ ಅಂದರೆ ಮೆಮೊರಿಯಲ್ಲಿ ಇರುವ ಒಂದು ಚೌಕಟ್ಟು, ಅಷ್ಟೇ. ನೀವು ಬರೆಯುವುದು ಅದರಲ್ಲಿ. 'ನೌಟ್‌ರಿಫ್ರೆಶ್' ಅಂದಾಗ ಅದು ಪರದೆಯ ಒಂದು ಕರಡು ಪ್ರತಿಗೆ ನಕಲಾಗುತ್ತದೆ. 'ಡೂಅಪ್‌ಡೇಟ್' ಅಂದಾಗ ಕರಡನ್ನೂ ಈಗ ಪರದೆಯಲ್ಲಿ ಇರುವುದನ್ನೂ ಹೋಲಿಸಿ, ಬದಲಾದ ಅಕ್ಷರಗಳನ್ನು ಮಾತ್ರ ಟರ್ಮಿನಲ್‌ಗೆ ಕಳಿಸುತ್ತದೆ. ಬರ್ಕ್ಲಿಯಲ್ಲಿ ಕೆನ್ ಆರ್ನಾಲ್ಡ್ ಮೊದಲ ಕರ್ಸಸ್ ಬರೆದ ಕಾಲಕ್ಕೆ ಟರ್ಮಿನಲ್‌ಗಳು ನಿಧಾನವಾದ ತಂತಿಯ ತುದಿಯಲ್ಲಿ ಇರುತ್ತಿದ್ದವು. ಒಂದೊಂದು ಅಕ್ಷರ ಉಳಿಸಿದರೂ ಲಾಭ. ದುರ್ಬಲ ನೆಟ್‌ವರ್ಕ್‌ನಲ್ಲಿ ಎಸ್‌ಎಸ್‌ಎಚ್ ಮಾಡುವವರಿಗೆ, ಅಂದರೆ ದೂರದ ಕಂಪ್ಯೂಟರನ್ನು ಟರ್ಮಿನಲ್‌ನಿಂದ ಬಳಸುವವರಿಗೆ, ಆ ಲಾಭ ಇವತ್ತಿಗೂ ಸಿಗುತ್ತಿದೆ.

ಹಾಗಾಗಿ ಪ್ರತಿ ವಿಂಡೋಗೂ ಬೇರೆ ಬೇರೆ 'ರಿಫ್ರೆಶ್' ಕರೆಯಬೇಡಿ, ಪರದೆ ಮಿಟುಕುತ್ತದೆ. ಎಲ್ಲವನ್ನೂ ಬರೆದು ಮುಗಿಸಿ, ಲೂಪಿನ ಪ್ರತಿ ಸುತ್ತಿನಲ್ಲಿ ಒಂದೇ ಸಲ 'ಡೂಅಪ್‌ಡೇಟ್' ಮಾಡಿ.

ಒಂದು ವಿಂಡೋ ಮೇಲೆ ಇನ್ನೊಂದು ಬರಬೇಕಾದಾಗ 'ಪ್ಯಾನೆಲ್' ಬೇಕು. ನನ್ನಲ್ಲಿ ಇದು ಅಡಿಕೆ ಬಗೆ ಆರಿಸುವ ಪುಟ್ಟ ಪೆಟ್ಟಿಗೆ: ರಾಶಿ, ಬೆಟ್ಟೆ, ಸರಕು, ಗೊರಬಲು, ಚಾಲಿ. ಬರೀ ಕರ್ಸಸ್‌ಗೆ ಯಾವುದು ಮೇಲೆ, ಯಾವುದು ಕೆಳಗೆ ಅನ್ನುವುದು ಗೊತ್ತಿಲ್ಲ. ಕೊನೆಗೆ ಬರೆದದ್ದೇ ಮೇಲೆ. ಪ್ಯಾನೆಲ್ ಲೈಬ್ರರಿ ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟ ಚೀಟಿಗಳಂತೆ ಆ ಕ್ರಮವನ್ನು ನೆನಪಿಟ್ಟುಕೊಳ್ಳುತ್ತದೆ. ಪ್ರತಿ ವಿಂಡೋಗೂ 'ನ್ಯೂ_ಪ್ಯಾನೆಲ್' ಮಾಡಿ. ತೋರಿಸಲು 'ಶೋ', ಮರೆಮಾಡಲು 'ಹೈಡ್', ಮೇಲೆ ತರಲು 'ಟಾಪ್'. ಆಮೇಲೆ 'ಅಪ್‌ಡೇಟ್_ಪ್ಯಾನೆಲ್ಸ್', 'ಡೂಅಪ್‌ಡೇಟ್', ಇವೆರಡನ್ನು ಇದೇ ಕ್ರಮದಲ್ಲಿ ಕರೆಯಿರಿ. ಪ್ಯಾನೆಲ್ ಬಳಸಲು ಶುರು ಮಾಡಿದ ಮೇಲೆ ಆ ವಿಂಡೋಗಳಿಗೆ ನೇರವಾಗಿ 'ನೌಟ್‌ರಿಫ್ರೆಶ್' ಬೇಡ, ಜಾಗ ಬದಲಿಸಲು ವಿಂಡೋದ 'ಎಂವಿವಿನ್' ಕೂಡ ಬೇಡ. ಪ್ಯಾನೆಲ್‌ನ 'ಮೂವ್' ಬಳಸಿ. ಪೈಥಾನ್‌ನಲ್ಲಿ ಇನ್ನೊಂದು ಎಚ್ಚರ: ಪ್ಯಾನೆಲ್ ಆಬ್ಜೆಕ್ಟನ್ನು ಎಲ್ಲಾದರೂ ಒಂದು ವೇರಿಯಬಲ್‌ನಲ್ಲಿ ಹಿಡಿದಿಟ್ಟಿರಬೇಕು. ಬಿಟ್ಟರೆ ಪೈಥಾನ್ ಅದನ್ನು ಕಸ ಅಂತ ಗುಡಿಸಿಬಿಡುತ್ತದೆ, ಪೆಟ್ಟಿಗೆ ಪರದೆಯಿಂದ ಮಾಯವಾಗುತ್ತದೆ.

ಕೀಲಿ ಓದುವಾಗ ಜಾಸ್ತಿ ಜನ ಎಡವುವ ಜಾಗ ಒಂದಿದೆ. 'ಗೆಟ್‌ಸಿಎಚ್' ಕರೆದಾಗ, ಆ ವಿಂಡೋದಲ್ಲಿ ಏನಾದರೂ ಬದಲಾಗಿದ್ದರೆ ಕರ್ಸಸ್ ಅದನ್ನು ಕೇಳದೆಯೇ ರಿಫ್ರೆಶ್ ಮಾಡುತ್ತದೆ. ಕೆಳಗಿನ ವಿಂಡೋದಿಂದ ಕೀಲಿ ಓದಿದರೆ ಅದು ಮೇಲಿನ ಪೆಟ್ಟಿಗೆಯನ್ನು ಅಳಿಸಿ ಮೇಲೆ ಬಂದು ಕೂರಬಹುದು. ಈಗ ಎಲ್ಲಕ್ಕಿಂತ ಮೇಲಿರುವ ವಿಂಡೋದಿಂದಲೇ ಓದಿ. ಜೊತೆಗೆ 'ಕೀಪ್ಯಾಡ್' ಅನ್ನು ಪ್ರತಿ ವಿಂಡೋಗೂ ಬೇರೆಯಾಗಿ ಆನ್ ಮಾಡಬೇಕು. ರ‍್ಯಾಪರ್ ಮಾಡಿಕೊಡುವುದು ಮುಖ್ಯ ಪರದೆಗೆ ಮಾತ್ರ. ಇದು ಆಗದಿದ್ದರೆ ಬಾಣದ ಕೀಲಿ ಒತ್ತಿದಾಗ ಎಸ್ಕೇಪ್ ಮತ್ತು ಒಂದೆರಡು ಚಿಲ್ಲರೆ ಅಕ್ಷರ ಬರುತ್ತವೆ.

ಎಸ್ಕೇಪ್ ಒತ್ತಿದ ಮೇಲೆ ಪೆಟ್ಟಿಗೆ ಮುಚ್ಚಲು ಒಂದು ಸೆಕೆಂಡ್ ಹಿಡಿದರೆ ಗಾಬರಿ ಬೇಡ. ಬಾಣದ ಕೀಲಿಯೂ ಎಸ್ಕೇಪ್‌ನಿಂದಲೇ ಶುರುವಾಗುವುದರಿಂದ, ಮುಂದೆ ಏನಾದರೂ ಬರುತ್ತದಾ ಅಂತ ಎನ್‌ಕರ್ಸಸ್ (ಲಿನಕ್ಸ್‌ನಲ್ಲಿ ಇರುವ ಕರ್ಸಸ್ ಇದೇ) 1000 ಮಿಲಿಸೆಕೆಂಡ್ ಕಾಯುತ್ತದೆ. ಪೈಥಾನ್ 3.9ರಿಂದ 'ಸೆಟ್_ಎಸ್ಕ್‌ಡಿಲೇ' ಇದೆ, 25 ಕೊಡಿ. ಎಂಟರ್ ಕೀಲಿಗೆ 10, 13 ಮತ್ತು 'ಕೀ_ಎಂಟರ್' ಮೂರನ್ನೂ ಒಪ್ಪಿಕೊಳ್ಳಿ. ನಂಬರ್ ಪ್ಯಾಡ್‌ನ ಎಂಟರ್ ಕೆಲವು ಟರ್ಮಿನಲ್‌ನಲ್ಲಿ ಬೇರೆ ಕೋಡ್ ಕಳಿಸುತ್ತದೆ. ಗುಮಾಸ್ತರು ಒತ್ತುವುದು ಅದನ್ನೇ.

ಈಗ ಕನ್ನಡದ ವಿಷಯ. ಇದಕ್ಕೆ ಸ್ವಲ್ಪ ಸಮಯ ಕೊಡಲೇಬೇಕು, ಯಾಕಂದರೆ ಇಂಗ್ಲಿಷ್ ಕೈಪಿಡಿಗಳಲ್ಲಿ ಇದು ಸಿಗುವುದು ಕಷ್ಟ.

ಟರ್ಮಿನಲ್ ಪರದೆ ಸಮ ಅಗಲದ ಮನೆಗಳ ಜಾಲ. ಕನ್ನಡ ಅಕ್ಷರ ಹಾಗೆ ಕೂರುವುದಿಲ್ಲ. 'ಬೆಟ್ಟೆ' ಕಣ್ಣಿಗೆ ಎರಡು ಅಕ್ಷರ. ಪೈಥಾನ್‌ನ 'ಲೆನ್' ಕೇಳಿದರೆ 6 ಅನ್ನುತ್ತದೆ: ಬ, ಎತ್ವ, ಟ, ಒತ್ತಕ್ಷರಕ್ಕೆ ಕೊಂಡಿಯಾಗುವ ವಿರಾಮ (್), ಟ, ಎತ್ವ. ಅಗಲ ಲೆಕ್ಕ ಹಾಕುವ 'ಡಬ್ಲ್ಯೂಸಿವಿಡ್ತ್' ಕೇಳಿದರೆ ಎತ್ವ, ವಿರಾಮಗಳಿಗೆ ಸೊನ್ನೆ ಕೊಟ್ಟು 3 ಮನೆ ಅನ್ನುತ್ತದೆ. ಇನ್ನು 'ರಾಶಿ'. ಯೂನಿಕೋಡ್‌ನಲ್ಲಿ ಗುಡಿಸು ಜಾಗ ಹಿಡಿಯದ ಚಿಹ್ನೆ, ದೀರ್ಘದ ಚಿಹ್ನೆ ಜಾಗ ಹಿಡಿಯುವ ಚಿಹ್ನೆ. ಈ ಎರಡನೇ ಜಾತಿಗೆ ಒಂದು ಮನೆ ಕೊಡಬೇಕೋ ಬೇಡವೋ ಅನ್ನುವುದರಲ್ಲಿ ಲೈಬ್ರರಿಗಳಿಗೂ ಟರ್ಮಿನಲ್‌ಗಳಿಗೂ ಒಮ್ಮತವಿಲ್ಲ. ಕರ್ಸಸ್ ಒಂದು ಲೆಕ್ಕ ಹಾಕಿ, ಟರ್ಮಿನಲ್ ಇನ್ನೊಂದು ಲೆಕ್ಕ ಹಾಕಿದರೆ ಆ ಸಾಲಿನಲ್ಲಿ ಕನ್ನಡದ ಬಲಕ್ಕೆ ಇರುವುದೆಲ್ಲ ಸರಿದು, ಪೆಟ್ಟಿಗೆಯ ಬಲಗೆರೆ ಹಲ್ಲು ಹಲ್ಲಾಗುತ್ತದೆ.

ಕನ್ನಡ ಬಿಟ್ಟು ಇಂಗ್ಲಿಷಿನಲ್ಲಿ ಬರೆದುಬಿಡಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ರೈತರು ತಮ್ಮ ಹೆಸರನ್ನು ಪರದೆಯ ಮೇಲೆ ತಾವೇ ಓದಿ ಹೌದು ಅನ್ನಬೇಕು. ಅಗಲದ ಲೆಕ್ಕವನ್ನು ಟರ್ಮಿನಲ್ ಸರಿಮಾಡಲಿ ಅಂತ ಕಾಯುವುದಕ್ಕಿಂತ ಆ ಲೆಕ್ಕವೇ ಬೇಡವಾಗುವಂತೆ ಪರದೆಯನ್ನು ಜೋಡಿಸಬಹುದು.

ಸೂತ್ರ ಸರಳ: ಯಾವ ಸಾಲಿನಲ್ಲೇ ಆಗಲಿ, ಕನ್ನಡ ಕೊನೆಗೆ ಬರಲಿ, ಅದರ ಬಲಕ್ಕೆ ಏನೂ ಬೇಡ. ಪಟ್ಟಿಯಲ್ಲಿ ಮೊದಲು ಲಾಟ್ ನಂಬರ್, ಚೀಲ, ತೂಕ, ದರ. ಇವೆಲ್ಲ ಅಂಕಿ, ಮನೆಗೊಂದರಂತೆ ಕೂರುತ್ತವೆ. 50ನೇ ಕಾಲಂನಿಂದ ಆಚೆಗೆ ಅಡಿಕೆ ಬಗೆ ಮತ್ತು ರೈತರ ಹೆಸರು. ಫಾರಂನಲ್ಲಿ ತುಂಬುವ ಜಾಗ ಎಡಕ್ಕೆ, ಅದರ ಹೆಸರು ಬಲಕ್ಕೆ: ಮೊದಲು ಅಂಕಿಯ ಖಾನೆ, ಪಕ್ಕದಲ್ಲಿ 'ತೂಕ'. ಒಂದು ಸಾಲಿಗೆ ಒಂದೇ ಖಾನೆ. ಒಂದೆರಡು ದಿನ ವಿಚಿತ್ರ ಅನ್ನಿಸುತ್ತದೆ, ಆಮೇಲೆ ಕಣ್ಣು ಹೊಂದಿಕೊಳ್ಳುತ್ತದೆ. ಪೂರ್ತಿ ಚೌಕಟ್ಟು ಬರೆಯುವ 'ಬಾಕ್ಸ್' ಬದಲು ಮೇಲೆ ಕೆಳಗೆ 'ಎಚ್‌ಲೈನ್', ಎಡಕ್ಕೆ ಮಾತ್ರ 'ವಿಲೈನ್' ಎಳೆಯಿರಿ. ಫಾರಂ, ಪಟ್ಟಿ ಅಕ್ಕಪಕ್ಕ ಬೇಡ ಅಂದದ್ದು ಇದಕ್ಕೇ.

ಬಗೆ ಆರಿಸುವ ಪೆಟ್ಟಿಗೆಯೂ ನಡುವೆ ತೇಲುವುದಿಲ್ಲ, ಬಲ ಅಂಚಿಗೆ ಅಂಟಿಕೊಂಡಿರುತ್ತದೆ: 9, 30, 9, 50. ಪಟ್ಟಿಯ ಕನ್ನಡವೂ 50ರಿಂದಲೇ ಶುರುವಾಗುವುದರಿಂದ ಅದು ಪೂರ್ತಿ ಪೆಟ್ಟಿಗೆಯ ಅಡಿಗೆ ಹೋಗುತ್ತದೆ. ಪೆಟ್ಟಿಗೆ ಮುಚ್ಚಿದ ಮೇಲೆ ಹಳೆಯ ಅಕ್ಷರದ ಚೂರು ಉಳಿದರೆ ಪಟ್ಟಿಗೆ 'ರಿಡ್ರಾವಿನ್' ಕರೆಯಿರಿ. 'ಟಚ್‌ವಿನ್' ಸಾಲದು. ಅದು ವಿಂಡೋ ಬದಲಾಗಿದೆ ಅಂತ ಮಾತ್ರ ಹೇಳುತ್ತದೆ, ಕರ್ಸಸ್ ಮತ್ತೆ ಹೋಲಿಸಿ ನೋಡಿ ಬದಲಾವಣೆ ಇಲ್ಲ ಅಂತ ಸುಮ್ನಾಗಬಹುದು. 'ರಿಡ್ರಾವಿನ್' ಆ ಭಾಗದ ಪರದೆಯೇ ಕೆಟ್ಟಿದೆ ಅಂತ ತಿಳಿಸಿ ಪೂರ್ತಿ ಹೊಸದಾಗಿ ಬರೆಸುತ್ತದೆ.

ಕನ್ನಡದಲ್ಲಿ ಟೈಪ್ ಮಾಡಿಸುವುದಿದ್ದರೆ 'ಗೆಟ್‌ಸಿಎಚ್' ಬಿಟ್ಟು 'ಗೆಟ್_ಡಬ್ಲ್ಯೂಸಿಎಚ್' ಬಳಸಿ. ಅಕ್ಷರವಾದರೆ ಸ್ಟ್ರಿಂಗ್, ವಿಶೇಷ ಕೀಲಿಯಾದರೆ ಸಂಖ್ಯೆ ಕೊಡುತ್ತದೆ. ಬ್ಯಾಕ್‌ಸ್ಪೇಸ್ ಒತ್ತಿದಾಗ ಎಷ್ಟು ಅಳಿಸಬೇಕು ಅನ್ನುವುದನ್ನು ನೀವೇ ಬರೆಯಬೇಕು. ಮಂಡಿಯಲ್ಲಿ ರೈತರಿಗೆಲ್ಲ ಖಾತೆ ನಂಬರ್ ಇರುವುದರಿಂದ ಅದನ್ನು ಒತ್ತಿದರೆ ಹೆಸರು ತಾನೇ ಬರುತ್ತದೆ, ಆ ಕೆಲಸವೇ ನನಗೆ ಬೇಕಾಗಲಿಲ್ಲ.

ಕೆಳಗಿನ ಬಲ ಮೂಲೆಯ ಕೊನೆಯ ಮನೆಗೆ 'ಆಡ್‌ಸ್ಟ್ರ್' ಬರೆಯಲು ಹೋದರೆ ಪೈಥಾನ್ ದೋಷ ಕೊಡುತ್ತದೆ. ಬರೆದ ಮೇಲೆ ಕರ್ಸರ್‌ಗೆ ಹೋಗಲು ಜಾಗವಿಲ್ಲ ಅನ್ನುವುದು ಕಾರಣ. ಒಂದು ಮನೆ ಬಿಟ್ಟು ಬರೆಯಿರಿ.

ವಿಂಡೋ ಅಳತೆ ಬದಲಾದರೆ 'ಕೀ_ರಿಸೈಜ್' ಅನ್ನುವ ಕೀಲಿ ಬಂದಂತೆ ಬರುತ್ತದೆ. ಅಳತೆಗಳನ್ನೆಲ್ಲ ಒಂದೇ ಫಂಕ್ಷನ್‌ನಲ್ಲಿ ಲೆಕ್ಕ ಹಾಕುವಂತೆ ಇಟ್ಟರೆ ಅದನ್ನೇ ಮತ್ತೆ ಕರೆದರಾಯಿತು. 80ಕ್ಕಿಂತ ಕಿರಿದಾದರೆ ಪರದೆ ದೊಡ್ಡದು ಮಾಡಿ ಅಂತ ಒಂದು ಸಾಲು ತೋರಿಸಿ ಕಾಯಿರಿ. ತುಂಬುತ್ತಿದ್ದ ಅಂಕಿ ಮಾತ್ರ ಕಳೆದುಹೋಗಬಾರದು.

ದೋಷ ಹುಡುಕುವಾಗ 'ಪ್ರಿಂಟ್' ಹಾಕಬೇಡಿ, ಪರದೆಯೆಲ್ಲ ಚೆಲ್ಲಾಪಿಲ್ಲಿ. ಒಂದು ಲಾಗ್ ಫೈಲಿಗೆ ಬರೆಯಿರಿ, ಪಕ್ಕದ ಟರ್ಮಿನಲ್‌ನಲ್ಲಿ 'ಟೇಲ್ -ಎಫ್' ಹಾಕಿ ನೋಡುತ್ತಿರಿ. ಕೊಡುವ ಮೊದಲು ಟಿಮಕ್ಸ್ (ಒಂದೇ ಟರ್ಮಿನಲ್‌ನಲ್ಲಿ ಹಲವು ಟರ್ಮಿನಲ್ ತೆರೆಯುವ ಪ್ರೋಗ್ರಾಂ) ಒಳಗೆ ಒಮ್ಮೆ, ಎಸ್‌ಎಸ್‌ಎಚ್ ಮೂಲಕ ಒಮ್ಮೆ, ಮತ್ತೆ ಅದನ್ನು ಬಳಸುವವರ ಯಂತ್ರದಲ್ಲೇ ಒಮ್ಮೆ ಓಡಿಸಿ. ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆ ಕಂಡರೆ 'ಲೊಕೇಲ್' ಕಮಾಂಡ್ ಕೊಟ್ಟು ಯುಟಿಎಫ್-8 ಇದೆಯಾ ನೋಡಿ. ಚೌಕ ಡಬ್ಬಿ ಕಂಡರೆ ಆ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲ ಅಂತ ಅರ್ಥ.