ಪ್ರೊಪೆಲ್ಲರ್ ಬದಲಿಸಿದೆ, ಮಾಡೆಲ್ ವಿಮಾನ ಏರಿತು
ಶಿರಸಿ ಹತ್ತಿರದ ನಮ್ಮ ಕೊಯ್ಲಾದ ಗದ್ದೆಯೇ ರನ್‌ವೇ, ಅದರ ತುದಿಗೆ ಅಡಿಕೆ ತೋಟ. ನನ್ನ ಮಾಡೆಲ್ ವಿಮಾನದ 46 ಸೈಜಿನ, ಅಂದರೆ ಸುಮಾರು 7.5 ಸಿಸಿ ಗ್ಲೋ ಎಂಜಿನ್ನಿಗೆ (ಬಿಸಿ ತಂತಿಯಿಂದ ಇಂಧನ ಹೊತ್ತಿಸುವ ಪುಟ್ಟ ಎಂಜಿನ್) 10×7 ಪ್ರೊಪೆಲ್ಲರ್ ಹಾಕಿದ್ದೆ, ಸ್ಪೀಡಿನ ಆಸೆಗೆ. ಸದ್ದು ಭರ್ಜರಿ, ಏರೋದು ಮಾತ್ರ ಇಲ್ಲ. ಎರಡನೇ ಸಲ ಅಡಿಕೆ ಮರದ ತಲೆಗೇ ಸಿಕ್ಕಿಕೊಂಡು, ಇಳಿಸೋಕೆ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನನ್ನು ಕರೆಸಬೇಕಾಯಿತು.

ಇಂಧನ ಹೆಚ್ಚುಕಮ್ಮಿ ಮಾಡೋ ಸೂಜಿ ತಿರುಗಿಸಿ ತಿರುಗಿಸಿ ಎಂಜಿನ್ನನ್ನೇ ಬೈದೆ. ತಪ್ಪು ಅದರದ್ದಲ್ಲ. 10 ಇಂಚು ವ್ಯಾಸ. 7 ಅನ್ನೋದು ಪಿಚ್, ಒಂದು ಸುತ್ತಿಗೆ ಲೆಕ್ಕದ ಪ್ರಕಾರ ಮುಂದೆ ಹೋಗಬೇಕಾದ ಇಂಚು. ಪಿಚ್ ಜಾಸ್ತಿಯಾಗಿ, ದೇವಿಮನೆ ಘಟ್ಟವನ್ನು ನಾಲ್ಕನೇ ಗೇರಲ್ಲಿ ಹತ್ತಿಸಿದ ಹಾಗಾಗಿತ್ತು ನನ್ನ ಕತೆ.

11×5 ತಂದೆ. ಭಾರದ ಬ್ಲೇಡನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ತೂಕ ಸಮ ಮಾಡಿ, ಸೂಜಿ ಮತ್ತೆ ಹೊಂದಿಸಿದೆ. ಅರ್ಧ ಗದ್ದೆಗೇ ಎದ್ದು ತೋಟ ದಾಟಿತು. ಟಾಪ್ ಸ್ಪೀಡ್ ಕಮ್ಮಿಯಾಗಿದೆ, ಆಗಲಿ ಬಿಡಿ.