ಫೇಜ್ ಚಿಕಿತ್ಸೆಯನ್ನು ಕೇಳುವ ಮೊದಲು: ಕಾಸರಗೋಡಿನ ರೋಗಿಗಳ ಮನೆಯವರಿಗೊಂದು ಮಾರ್ಗದರ್ಶಿ

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆಯ ರೋಗಿಗಳು ಮೊದಲು ಊರಿನ ಆಸ್ಪತ್ರೆಗೆ, ಅಲ್ಲಿ ಗುಣವಾಗದಿದ್ದರೆ ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದು ರೂಢಿ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಕ್ಯಾತಿಟರ್ ಹಾಕಿದವರ ಮೂತ್ರದ ಸೋಂಕು, ಮೂಳೆಗೆ ಕೂರಿಸಿದ ಪ್ಲೇಟಿನ ಸುತ್ತ ಕಟ್ಟುವ ಕೀವು ಮುಂತಾದ ತೊಂದರೆಗಳಲ್ಲಿ ಕಲ್ಚರ್ (ಮಾದರಿಯಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ರಿಪೋರ್ಟಿನ ಸಾಲುಸಾಲಿಗೂ 'ಆರ್' ಎಂಬ ಅಕ್ಷರ ಬಂದಾಗ, ಅಂದರೆ ಆ ಬ್ಯಾಕ್ಟೀರಿಯಾ ಪರೀಕ್ಷಿಸಿದ ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗುವುದಿಲ್ಲ ಎಂದು ತಿಳಿದಾಗ, ಮನೆಯವರಲ್ಲಿ ಯಾರಾದರೊಬ್ಬರು ಮೊಬೈಲಿನಲ್ಲಿ ಹುಡುಕಿ, ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್‌ಗಳನ್ನೇ ಔಷಧವಾಗಿ ಬಳಸುವ ಫೇಜ್ ಚಿಕಿತ್ಸೆಯ ವಿಷಯ ಓದಿರುತ್ತಾರೆ. ಆ ಹಂತಕ್ಕೆ ಬಂದವರಿಗಾಗಿ ಈ ಬರಹ. ಹೆಚ್ಚಿನವರು ಫೇಜ್ ಎಲ್ಲಿ ಸಿಗುತ್ತದೆ ಎಂದು ಮೊದಲು ಕೇಳುತ್ತಾರೆ. ಕೇಳಬೇಕಾದದ್ದು ರೋಗಿಯ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಜೀವಂತವಾಗಿ ಉಳಿಸಿದ್ದಾರೆಯೇ ಎಂದು.

ಹಾಗೇಕೆ ಎಂಬುದು ಫೇಜ್ ಕೆಲಸ ಮಾಡುವ ರೀತಿಯಿಂದ ತಿಳಿಯುತ್ತದೆ. ಬ್ಯಾಕ್ಟೀರಿಯೋಫೇಜ್ ಎಂದರೆ ಬ್ಯಾಕ್ಟೀರಿಯಾಗಳಿಗೆ ಮಾತ್ರ ಸೋಂಕು ತಗುಲಿಸುವ ವೈರಸ್. ಮನುಷ್ಯನ ಜೀವಕೋಶಗಳಿಗೆ ಅದು ಸೋಂಕು ತಗುಲಿಸುವುದಿಲ್ಲ. ಗಂಗೆ ಮತ್ತು ಯಮುನೆಯ ನೀರಿನಲ್ಲಿ ಕಾಲರಾ ರೋಗಾಣುಗಳು ಸಾಯುತ್ತವೆಂದು ಅರ್ನೆಸ್ಟ್ ಹ್ಯಾಂಕಿನ್ 1896ರಲ್ಲಿಯೇ ಬರೆದಿದ್ದನು. 1915ರಲ್ಲಿ ಫ್ರೆಡರಿಕ್ ಟ್ವಾರ್ಟ್, 1917ರಲ್ಲಿ ಫೆಲಿಕ್ಸ್ ಡೆರೆಲ್ ಬೇರೆ ಬೇರೆಯಾಗಿ ಫೇಜನ್ನು ಗುರುತಿಸಿದರು. ಪೆನಿಸಿಲಿನ್ ಔಷಧವಾಗುವ ಮುನ್ನವೇ, 1923ರಲ್ಲಿ, ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲಿ ಜಾರ್ಜ್ ಎಲಿಯಾವ ಸ್ಥಾಪಿಸಿದ ಸಂಸ್ಥೆಯು ಈ ದಾರಿಯಲ್ಲಿ ನಡೆಯತೊಡಗಿ, ಇಂದಿಗೂ ಅದನ್ನು ಬಿಟ್ಟಿಲ್ಲ. ಫೇಜ್ ತನಗೆ ಹೊಂದುವ ಬ್ಯಾಕ್ಟೀರಿಯಾದ ಹೊರಮೈಗೆ ಅಂಟಿಕೊಂಡು, ತನ್ನ ಆನುವಂಶಿಕ ವಸ್ತುವನ್ನು ಒಳಗೆ ಸೇರಿಸಿ, ಅಲ್ಲಿಯೇ ತನ್ನ ಪ್ರತಿಗಳನ್ನು ಹೆಚ್ಚಿಸಿ, ಕೊನೆಗೆ ಬ್ಯಾಕ್ಟೀರಿಯಾವನ್ನು ಒಡೆದು ಹೊರಬರುತ್ತದೆ. ಕೆಲವು ಫೇಜ್‌ಗಳು ಹೀಗೆ ಒಡೆಯದೆ ಬ್ಯಾಕ್ಟೀರಿಯಾದ ವಂಶವಾಹಿಯೊಳಗೆ ಸುಮ್ಮನೆ ಸೇರಿಕೊಳ್ಳುತ್ತವೆ ಮತ್ತು ಒಂದರಿಂದ ಇನ್ನೊಂದಕ್ಕೆ ವಿಷಕಾರಿ ಗುಣಗಳನ್ನು ಸಾಗಿಸಲೂಬಹುದು. ಆದ್ದರಿಂದ ಚಿಕಿತ್ಸೆಗೆ ಒಡೆಯುವ ಜಾತಿಯವನ್ನೇ ಆರಿಸುತ್ತಾರೆ.

ಅಂಟಿಕೊಳ್ಳುವ ಈ ಗುಣ ಬಹಳ ಕಟ್ಟುನಿಟ್ಟಾದದ್ದು. ಒಬ್ಬ ರೋಗಿಯ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾವನ್ನು ಕೊಲ್ಲುವ ಫೇಜ್ ಪಕ್ಕದ ಹಾಸಿಗೆಯ ರೋಗಿಯ ಕ್ಲೆಬ್ಸಿಯೆಲ್ಲಾವನ್ನು ಮುಟ್ಟದೆ ಬಿಡಬಹುದು. ಕೊಳೆರೋಗಕ್ಕೆ ಇಡೀ ಅಡಿಕೆ ತೋಟಕ್ಕೆ ಒಂದೇ ಬೋರ್ಡೋ ಮದ್ದು ಬಿಡುವ ಕ್ರಮ ಇಲ್ಲಿ ನಡೆಯುವುದಿಲ್ಲ. ರೋಗಿಯ ಬ್ಯಾಕ್ಟೀರಿಯಾ ಕೈಯಲ್ಲಿಲ್ಲದಿದ್ದರೆ ಯಾವ ಫೇಜ್ ಹೊಂದುತ್ತದೆಂದು ನೋಡುವುದಕ್ಕೆ ದಾರಿಯೇ ಇರುವುದಿಲ್ಲ.

ಆದರೂ ಈ ಚಿಕಿತ್ಸೆ ನಿಜವಾಗಿ ಬೇಕೇ ಎಂಬುದನ್ನು ಮೊದಲು ವೈದ್ಯರೊಂದಿಗೆ ಕೂತು ತೀರ್ಮಾನಿಸಬೇಕು. ಡೆಂಗಿ ವೈರಸ್‌ನಿಂದ ಬರುವ ಜ್ವರವಾದ್ದರಿಂದ ಅಲ್ಲಿ ಫೇಜ್‌ಗೆ ಕೆಲಸವಿಲ್ಲ. ಮಳೆಗಾಲದ ಇಲಿಜ್ವರ ಬ್ಯಾಕ್ಟೀರಿಯಾದಿಂದಲೇ ಬಂದರೂ ಡಾಕ್ಸಿಸೈಕ್ಲಿನ್, ಪೆನಿಸಿಲಿನ್‌ನಂಥ ಹಳೆಯ ಔಷಧಗಳಿಗೆ ಬಗ್ಗುತ್ತದೆ. ನಮ್ಮ ಕರಾವಳಿಯಲ್ಲಿ ಕಾಣುವ ಮೆಲಿಯಾಯ್ಡೋಸಿಸ್ ಎಂಬ ಬ್ಯಾಕ್ಟೀರಿಯಾ ಸೋಂಕಿಗೆ ನಿಗದಿತ ಆ್ಯಂಟಿಬಯಾಟಿಕ್‌ಗಳ ದೀರ್ಘ ಚಿಕಿತ್ಸೆ ಇದೆ. ಅದರ ರೋಗಾಣು ಜೀವಕೋಶಗಳ ಒಳಗೆ ಅಡಗುವುದರಿಂದ ಫೇಜ್ ಅಲ್ಲಿಗೆ ತಲುಪುವುದೂ ಕಷ್ಟ. ಹುಣ್ಣಿನ ಮೇಲ್ಮೈಯಲ್ಲಿ ಅಥವಾ ಕ್ಯಾತಿಟರಿನ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆದ ಮಾತ್ರಕ್ಕೆ ಅದು ಸೋಂಕು ಎಂದಾಗುವುದಿಲ್ಲ. ಜ್ವರ, ನೋವು, ಕೀವು ಮುಂತಾದ ಲಕ್ಷಣಗಳಿಲ್ಲದೆ ಅದು ಅಲ್ಲಿ ಸುಮ್ಮನೆ ವಾಸವಾಗಿರಬಹುದು. ಇನ್ನು ಕಾಲಿಗೆ ರಕ್ತ ಹರಿಯದಿರುವಾಗ, ಸಕ್ಕರೆ ಹತೋಟಿಗೆ ಬಾರದಿರುವಾಗ, ಸತ್ತ ಮಾಂಸವನ್ನು ಕತ್ತರಿಸದೆ ಅಥವಾ ಕೀವನ್ನು ಹೊರತೆಗೆಯದೆ ಇರುವಾಗ ಯಾವ ಫೇಜ್ ಬಂದರೂ ಫಲ ಕಡಿಮೆ. ಈ ಕೊನೆಯ ಮಾತು ರೋಗಿಯ ಮನೆಯವರಿಗೆ ರುಚಿಸುವುದಿಲ್ಲ, ಆದರೆ ಹೆಚ್ಚಿನ ಕಾಲಿನ ಹುಣ್ಣುಗಳ ಹಣೆಬರಹ ಇಲ್ಲಿಯೇ ನಿರ್ಧಾರವಾಗುತ್ತದೆ.

ಬೇಕೆಂದಾದರೆ ಮೊದಲ ಕೆಲಸ ಸರಿಯಾದ ಕಲ್ಚರ್. ಹುಣ್ಣಿನ ಮೇಲೆ ಹತ್ತಿ ಒತ್ತಿ ತೆಗೆದ ಮಾದರಿಗಿಂತ, ಹುಣ್ಣನ್ನು ತೊಳೆದು ಶುದ್ಧ ಮಾಡಿದ ನಂತರ ಆಳದಿಂದ ತೆಗೆದ ಮಾಂಸದ ಅಥವಾ ಮೂಳೆಯ ತುಣುಕು ನಿಜವಾದ ರೋಗಾಣುವನ್ನು ತೋರಿಸುವ ಸಂಭವ ಹೆಚ್ಚು. ರೋಗಿಯ ಸ್ಥಿತಿ ತಡೆಯುವಂತಿದ್ದರೆ ಹೊಸ ಆ್ಯಂಟಿಬಯಾಟಿಕ್ ಆರಂಭಿಸುವ ಮೊದಲೇ ಮಾದರಿ ತೆಗೆಯುವುದು ಒಳ್ಳೆಯದು. ಅದನ್ನು ವೈದ್ಯರು ನಿರ್ಧರಿಸುತ್ತಾರೆ, ನಾವಾಗಿ ಔಷಧ ನಿಲ್ಲಿಸಬಾರದು. ಮಾದರಿ ಲ್ಯಾಬಿಗೆ ಹೋದ ದಿನವೇ ಚಿಕಿತ್ಸೆ ನೀಡುವ ವೈದ್ಯರ ಮೂಲಕ ಸೂಕ್ಷ್ಮಜೀವಿ ವಿಭಾಗಕ್ಕೆ ಒಂದು ಪತ್ರ ಹೋಗಬೇಕು: ರೋಗಿಯ ಹೆಸರು, ಆಸ್ಪತ್ರೆಯ ನಂಬರು, ಮಾದರಿಯ ನಂಬರು, ತಾರೀಕು, ಮತ್ತು ಬೆಳೆದ ಬ್ಯಾಕ್ಟೀರಿಯಾವನ್ನು ಎಸೆಯದೆ ಗ್ಲಿಸರಾಲ್‌ನಲ್ಲಿ ಅತಿಶೀತದಲ್ಲಿ ಕಾಪಿಡಬೇಕೆಂಬ ವಿನಂತಿ. ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ ಅದು ವರ್ಷಗಟ್ಟಲೆ ಬದುಕುತ್ತದೆ. ಕೇಳದಿದ್ದರೆ ರಿಪೋರ್ಟ್ ಕೊಟ್ಟ ಮೇಲೆ ಬ್ಯಾಕ್ಟೀರಿಯಾ ಬೆಳೆಸಿದ ಪ್ಲೇಟುಗಳನ್ನು ನಾಶಮಾಡುವುದು ಲ್ಯಾಬುಗಳ ದೈನಂದಿನ ಕ್ರಮ; ಅದರಲ್ಲಿ ಅವರ ತಪ್ಪೇನೂ ಇಲ್ಲ. ರೋಗಿಯನ್ನು ಕಾಸರಗೋಡಿನಿಂದ ಮಂಗಳೂರಿಗೆ ಸಾಗಿಸುವಾಗ ಎಕ್ಸ್‌ರೇ, ಸ್ಕ್ಯಾನ್, ಡಿಸ್ಚಾರ್ಜ್ ಸಮ್ಮರಿ ಎಲ್ಲವೂ ಜೊತೆಗೆ ಹೋಗುತ್ತವೆ, ಬ್ಯಾಕ್ಟೀರಿಯಾ ಮಾತ್ರ ಹಿಂದುಳಿಯುತ್ತದೆ. ಆದ್ದರಿಂದ ಹೊಸ ಆಸ್ಪತ್ರೆಯಲ್ಲಿ ಇನ್ನೊಮ್ಮೆ ಕಲ್ಚರ್ ಮಾಡಿಸಿ, ಅಲ್ಲಿಯೂ ಇದೇ ಪತ್ರ ಕೊಡಬೇಕು.

ಕಡತದಲ್ಲಿ ಇರಬೇಕಾದದ್ದು ಇಷ್ಟು: ಎಲ್ಲ ಕಲ್ಚರ್ ರಿಪೋರ್ಟುಗಳು ತಾರೀಕಿನ ಕ್ರಮದಲ್ಲಿ, ಕೊಟ್ಟ ಆ್ಯಂಟಿಬಯಾಟಿಕ್‌ಗಳ ಹೆಸರು ಮತ್ತು ಅವಧಿ, ಮೂತ್ರಪಿಂಡ ಹಾಗೂ ಯಕೃತ್ತಿನ ಪರೀಕ್ಷೆಗಳು, ಅಲರ್ಜಿಯ ವಿವರ, ಹುಣ್ಣಿನ ಫೋಟೋಗಳು.

ಇನ್ನು ಎಲ್ಲಿ ಕೇಳಬೇಕೆಂಬ ಪ್ರಶ್ನೆ. ಮೆಡಿಕಲ್ ಅಂಗಡಿಯಲ್ಲಿ ಚೀಟಿ ಕೊಟ್ಟು ಕೊಳ್ಳಬಹುದಾದ ಫೇಜ್ ಔಷಧ ನಮ್ಮಲ್ಲಿ ಇಲ್ಲ. ಸಂಶೋಧನೆ ಇದೆ: ವಾರಾಣಸಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವೈದ್ಯರು ಮಾಯದ ಹುಣ್ಣುಗಳ ಮೇಲೆ ಫೇಜ್ ಹಚ್ಚಿ ನೋಡಿದ ಸಣ್ಣ ಅಧ್ಯಯನವನ್ನು 2019ರಲ್ಲಿ ಪ್ರಕಟಿಸಿದ್ದಾರೆ. ನಮಗೆ ಹತ್ತಿರದ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಇಡ್ಯಾ ಕರುಣಾಸಾಗರ್ ಮತ್ತು ಇಂದ್ರಾಣಿ ಕರುಣಾಸಾಗರ್ ಅವರ ತಂಡವು ಸಿಗಡಿ ಮರಿಗಳನ್ನು ಕೊಲ್ಲುವ ವಿಬ್ರಿಯೋ ಬ್ಯಾಕ್ಟೀರಿಯಾದ ವಿರುದ್ಧ ಫೇಜ್‌ಗಳನ್ನು ಬಹಳ ಹಿಂದೆಯೇ ಪ್ರಯೋಗಿಸಿದೆ. ಆದರೆ ಸಿಗಡಿ ತೊಟ್ಟಿಗೆ ಸುರಿಯುವ ದ್ರವವನ್ನು ಮನುಷ್ಯನ ರಕ್ತಕ್ಕೆ ಚುಚ್ಚಲಾಗದು. ಮೊದಲು ಮನುಷ್ಯರ ಮೇಲಿನ ಚಿಕಿತ್ಸಾ ಪ್ರಯೋಗಗಳನ್ನು ದಾಖಲಿಸುವ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಹುಡುಕಬೇಕು. ಅಲ್ಲಿ ನೋಂದಣಿಯಾಗದೆ, ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ 'ಟ್ರಯಲ್' ಎಂದು ಹೇಳಿ ಹಣ ಕೇಳುವವರನ್ನು ನಂಬಬಾರದು. ಒಪ್ಪಿಗೆ ಪತ್ರವು ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂಬುದು ನಿಯಮ. ಮಲಯಾಳವನ್ನು ಆಡಲು ಬಂದರೂ ಓದಲು ಬಾರದ ಹಿರಿಯರು ನಮ್ಮ ಮನೆಗಳಲ್ಲಿ ಅನೇಕರಿರುವುದರಿಂದ, ಕನ್ನಡದ ಪ್ರತಿಯನ್ನು ಸಂಕೋಚವಿಲ್ಲದೆ ಕೇಳಬೇಕು.

ಹೊರದೇಶದ ದಾರಿಯೆಂದರೆ ಟಿಬಿಲಿಸಿ. ಅಲ್ಲಿ ಸಿದ್ಧ ಮಿಶ್ರಣಗಳೂ ಇವೆ, ರೋಗಿಯ ಬ್ಯಾಕ್ಟೀರಿಯಾಕ್ಕೆ ಹೊಂದಿಸಿ ತಯಾರಿಸುವ ಫೇಜ್‌ಗಳೂ ಇವೆ. ರೋಗಿ ಪ್ರಯಾಣ ಮಾಡುವ ಸ್ಥಿತಿಯಲ್ಲಿಲ್ಲದಿದ್ದರೆ ಔಷಧವನ್ನು ಇಲ್ಲಿಗೆ ತರಿಸಲು ಕಾನೂನಿನ ಎರಡು ಬಾಗಿಲುಗಳಿವೆ: ಸ್ವಂತ ಬಳಕೆಗೆ ಸ್ವಲ್ಪ ಪ್ರಮಾಣ ತರಿಸುವವರು ನಮೂನೆ 12ಎ ಅರ್ಜಿ ಸಲ್ಲಿಸಿ 12ಬಿ ಪರವಾನಗಿ ಪಡೆಯಬೇಕು, ಜೀವಕ್ಕೆ ಅಪಾಯವಿರುವ ರೋಗಿಗಾಗಿ ಆಸ್ಪತ್ರೆಯೇ ತರಿಸುವುದಾದರೆ 2019ರ ಹೊಸ ಔಷಧ ಹಾಗೂ ಕ್ಲಿನಿಕಲ್ ಟ್ರಯಲ್ ನಿಯಮಗಳಡಿ ಸಿಟಿ-24 ಅರ್ಜಿಯ ಮೂಲಕ ಅನುಮತಿ ಪಡೆಯಬೇಕು. ಎರಡಕ್ಕೂ ವೈದ್ಯರ ಸಹಿ ಬೇಕಾದ್ದರಿಂದ, ವೈದ್ಯರ ಬೆನ್ನ ಹಿಂದೆ ನಡೆಸುವ ಪ್ರಯತ್ನ ಇಲ್ಲಿಯೇ ಮುಗಿಯುತ್ತದೆ. ಬ್ಯಾಕ್ಟೀರಿಯಾವನ್ನು ಕಳುಹಿಸುವುದಂತೂ ಲ್ಯಾಬಿನ ಕೆಲಸ. ಮೂರು ಪದರದ ಪ್ಯಾಕಿಂಗ್ ಮತ್ತು ಕಾಗದಪತ್ರಗಳಿಲ್ಲದೆ ಅದನ್ನು ಚೀಲದಲ್ಲಿ ಒಯ್ಯಬಾರದು.

ಬ್ಯಾಕ್ಟೀರಿಯಾ ಫೇಜ್ ಲ್ಯಾಬನ್ನು ತಲುಪಿದಾಗ, ಅದನ್ನು ಪ್ಲೇಟಿನ ತುಂಬ ಬೆಳೆಸಿ, ಬೇರೆ ಬೇರೆ ಫೇಜ್‌ಗಳ ಒಂದೊಂದು ಹನಿ ಹಾಕಿ ನೋಡುತ್ತಾರೆ. ಹನಿ ಬಿದ್ದ ಜಾಗ ತಿಳಿಯಾದರೆ ಆ ಫೇಜ್ ಹೊಂದುವ ಸಂಭವವಿದೆ, ಮುಂದಿನ ಪರೀಕ್ಷೆಗಳು ಅದನ್ನು ಖಚಿತಪಡಿಸಬೇಕು. ಔಷಧ ಬರುವ ಮೊದಲು ವೈದ್ಯರ ಮೂಲಕ ಮೂರು ವಿಷಯಗಳನ್ನು ಬರಹದಲ್ಲಿ ಪಡೆಯಬೇಕು: ಪ್ರತಿ ಮಿಲಿಲೀಟರಿನಲ್ಲಿ ಎಷ್ಟು ಜೀವಂತ ಫೇಜ್‌ಗಳಿವೆ ಮತ್ತು ಅದನ್ನು ಯಾವ ದಿನ ಎಣಿಸಿದ್ದು, ಬೇರೆ ಸೂಕ್ಷ್ಮಜೀವಿಗಳಿಲ್ಲವೆಂಬ ಪರೀಕ್ಷೆ ಆಗಿದೆಯೇ, ಒಡೆದ ಬ್ಯಾಕ್ಟೀರಿಯಾದಿಂದ ಬರುವ ಎಂಡೋಟಾಕ್ಸಿನ್ ಎಂಬ ವಿಷವನ್ನು ಸಾಕಷ್ಟು ತೆಗೆದಿದ್ದಾರೆಯೇ. ರಕ್ತನಾಳಕ್ಕೆ ಕೊಡುವುದಾದರೆ ಈ ಕೊನೆಯದು ಜೀವನ್ಮರಣದ ಪ್ರಶ್ನೆ. ಎಣಿಕೆಯ ಪ್ರಶ್ನೆಯೂ ಹುಡುಗಾಟದ್ದಲ್ಲ. ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ ಸುಟ್ಟ ಗಾಯದ 27 ರೋಗಿಗಳ ಮೇಲೆ ನಡೆದ ಫೇಜೋಬರ್ನ್ ಪ್ರಯೋಗದಲ್ಲಿ 12 ಫೇಜ್‌ಗಳ ಮಿಶ್ರಣವು ಶೇಖರಣೆಯಲ್ಲಿಯೇ ಶಕ್ತಿ ಕಳೆದುಕೊಂಡು, ಉದ್ದೇಶಿಸಿದ್ದಕ್ಕಿಂತ ತೀರ ಕಡಿಮೆ ಫೇಜ್ ರೋಗಿಗಳಿಗೆ ಸಿಕ್ಕಿತು. ಎಂದಿನ ಬೆಳ್ಳಿಯ ಮುಲಾಮು ಅದಕ್ಕಿಂತ ಬೇಗ ಬ್ಯಾಕ್ಟೀರಿಯಾವನ್ನು ತಗ್ಗಿಸಿತು.

ಆದ್ದರಿಂದ ಶೀತ ಸರಪಳಿಗೆ, ಅಂದರೆ ಔಷಧವನ್ನು ರೋಗಿಗೆ ಕೊಡುವವರೆಗೂ ತಂಪಾಗಿ ಇಡುವುದಕ್ಕೆ, ಗಮನ ಕೊಡಬೇಕು. ದ್ರವರೂಪದ ಫೇಜನ್ನು ಸಾಮಾನ್ಯವಾಗಿ 2ರಿಂದ 8 ಡಿಗ್ರಿಯಲ್ಲಿ ಇಡುತ್ತಾರೆ. ಲ್ಯಾಬ್ ಹೇಳದ ಹೊರತು ಫ್ರೀಜರಿಗೆ ಹಾಕಬಾರದು. ಆಟಿಯ ಮಳೆಗೆ ಕರೆಂಟು ಹೋದರೆ ಒಂದೆರಡು ದಿನ ಬಾರದ ಊರುಗಳಲ್ಲಿ ಔಷಧವನ್ನು ಮನೆಯ ಫ್ರಿಜ್ಜಿನಲ್ಲಿಡುವ ಬದಲು ಆಸ್ಪತ್ರೆಯಲ್ಲಿಯೇ ಇರಿಸುವುದು ಲೇಸು. ಹುಣ್ಣಿಗೆ ಹಚ್ಚುವ ಫೇಜ್ ಆಗಿದ್ದರೆ ಡ್ರೆಸ್ಸಿಂಗ್ ಮಾಡುವವರಿಗೆ ಒಂದು ಮಾತನ್ನು ಮೊದಲೇ ತಿಳಿಸಿಡಬೇಕು: ಪೊವಿಡೋನ್ ಅಯೋಡಿನ್ ಫೇಜ್‌ಗಳನ್ನೇ ಕೊಲ್ಲುತ್ತದೆ. ಅದನ್ನು ಬಳಸಿದ್ದರೆ ಸಲೈನಿನಿಂದ ಚೆನ್ನಾಗಿ ತೊಳೆದ ನಂತರವೇ ಫೇಜ್ ಹಚ್ಚಬೇಕು. ಮನೆಯ ಅರಿಶಿನ, ಎಣ್ಣೆ, ಸೊಪ್ಪಿನ ರಸ ಯಾವುದೂ ಆ ಹುಣ್ಣಿನ ಮೇಲೆ ಬೇಡ. ಬಾಯಿಯ ಮೂಲಕ ಕೊಡುವಾಗ ಹೊಟ್ಟೆಯ ಆಮ್ಲದಿಂದ ಫೇಜ್ ನಾಶವಾಗದಂತೆ ವೈದ್ಯರು ಆಮ್ಲ ತಗ್ಗಿಸುವ ಔಷಧವನ್ನು ಮೊದಲು ಕೊಡಬಹುದು. ಹೆಚ್ಚಿನ ಸಂದರ್ಭಗಳಲ್ಲಿ ಆ್ಯಂಟಿಬಯಾಟಿಕ್ ಜೊತೆಯಲ್ಲಿಯೇ ಮುಂದುವರಿಯುತ್ತದೆ. ಫೇಜ್ ಬಂತೆಂದು ಅದನ್ನು ನಿಲ್ಲಿಸುವಂತಿಲ್ಲ. ಕೊಟ್ಟ ಮೇಲೆ ಚಳಿ, ಜ್ವರ, ಉಸಿರಾಟದ ತೊಂದರೆ, ರಕ್ತದೊತ್ತಡದ ಇಳಿಕೆ ಕಂಡರೆ ತಕ್ಷಣ ತಿಳಿಸಬೇಕು.

ಬ್ಯಾಕ್ಟೀರಿಯಾ ಫೇಜ್‌ಗೂ ಒಗ್ಗಿಕೊಳ್ಳುತ್ತದೆ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 2016ರ ಮಾರ್ಚ್‌ನಲ್ಲಿ ಅಸಿನೆಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಸೋಂಕಿನಿಂದ ಪ್ರಜ್ಞೆ ತಪ್ಪಿದ್ದ ಪ್ರಾಧ್ಯಾಪಕ ಟಾಮ್ ಪ್ಯಾಟರ್ಸನ್ ಅವರಿಗೆ ಫೇಜ್ ಕೊಡತೊಡಗಿದಾಗ, ಕೆಲವೇ ದಿನಗಳಲ್ಲಿ ರೋಗಾಣು ಮೊದಲ ಫೇಜ್‌ಗಳಿಂದ ತಪ್ಪಿಸಿಕೊಂಡಿತು. ಬದಲಾದ ಬ್ಯಾಕ್ಟೀರಿಯಾವನ್ನು ಮತ್ತೆ ಬೆಳೆಸಿ, ಅದಕ್ಕೆ ಹೊಂದುವ ಹೊಸ ಫೇಜ್ ಸೇರಿಸಬೇಕಾಯಿತು. ಅವರು ಬದುಕಿಕೊಂಡರು. ಕೆಲವೊಮ್ಮೆ ಹೀಗೆ ತಪ್ಪಿಸಿಕೊಳ್ಳುವ ಭರದಲ್ಲಿ ಬ್ಯಾಕ್ಟೀರಿಯಾ ತನ್ನ ಹಳೆಯ ರಕ್ಷಣೆಯನ್ನು ಕಳೆದುಕೊಂಡು, ಬಗ್ಗದಿದ್ದ ಆ್ಯಂಟಿಬಯಾಟಿಕ್‌ಗೆ ಮರಳಿ ಬಗ್ಗುವುದೂ ಉಂಟು. ಅದು ತಿಳಿಯುವುದು ಚಿಕಿತ್ಸೆಯ ನಡುವೆ ಮತ್ತೆ ಕಲ್ಚರ್ ಮಾಡಿಸಿದರೆ ಮಾತ್ರ. ಆ ಕಲ್ಚರಿನಲ್ಲಿ ಬೆಳೆದದ್ದನ್ನೂ ಎಸೆಯದೆ ಇಡಲು, ಮೊದಲ ಸಲ ಕೊಟ್ಟಂಥದೇ ಪತ್ರವನ್ನು ಲ್ಯಾಬಿಗೆ ಕೊಡಬೇಕು.